ಆರೋಗ್ಯ ಸಂಶೋಧನೆಗೆ ಗ್ರಾಂಟ್ ಪ್ರಪೋಸಲ್ ಬರೆಯುವುದು ಹೇಗೆ: ಪ್ರಶ್ನೆಯಿಂದ ಮರುಸಲ್ಲಿಕೆಯವರೆಗೆ

ಬರೆಯಲು ಕೂರುವ ಮೊದಲು ಒಂದು ವಿಷಯ ಗೊತ್ತಿರಲಿ. ನಿಮ್ಮ ಪ್ರಪೋಸಲ್, ಅಂದರೆ ಸಂಶೋಧನೆಗೆ ಹಣ (ಗ್ರಾಂಟ್) ಕೇಳಿ ಬರೆಯುವ ಅರ್ಜಿ, ಅದನ್ನು ಓದಿ ಅಳೆಯುವ ಇಬ್ಬರೋ ಮೂವರೋ ತಜ್ಞರ, ಅಂದರೆ ರಿವ್ಯೂವರ್‌ಗಳ ಕೈಗೆ ಹೋಗುತ್ತದೆ. ಅವರಿಗೆ ತಮ್ಮದೇ ಸಂಶೋಧನೆ, ಪಾಠ, ರೋಗಿಗಳು ಇರುತ್ತಾರೆ, ಅದರ ನಡುವೆ ನಿಮ್ಮಂಥವರ ಹಲವಾರು ಪ್ರಪೋಸಲ್ ಓದಬೇಕು. ಆಮೇಲೆ ಒಂದು ಸಭೆ ನಡೆಯುತ್ತದೆ. ಅಲ್ಲಿ ಆ ಇಬ್ಬರು ಮೂವರು, ನಿಮ್ಮ ಪ್ರಪೋಸಲನ್ನು ಪೂರ್ತಿ ಓದಿರದ ಉಳಿದ ಸದಸ್ಯರಿಗೆ ಕೆಲವೇ ನಿಮಿಷದಲ್ಲಿ ವಿಷಯ ಹೇಳಬೇಕು. ಯಾರೋ ಒಬ್ಬರು “ಇಷ್ಟು ರೋಗಿಗಳು ಇವರಿಗೆ ಎಲ್ಲಿಂದ ಸಿಗುತ್ತಾರೆ?” ಅಂತ ಕೇಳುತ್ತಾರೆ. ಉತ್ತರ ಕೊಡಲು ನೀವು ಅಲ್ಲಿರುವುದಿಲ್ಲ. ನಿಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯ ಇರುವ ಆ ಒಬ್ಬ ರಿವ್ಯೂವರ್, ಪುಟ ತಿರುಗಿಸಿ ಉತ್ತರ ಹುಡುಕಿ ಹೇಳಬೇಕು.

ಆ ರಿವ್ಯೂವರ್ ಬಾಯಿಗೆ ಮಾತು ಸಿಗುವ ಹಾಗೆ ಬರೆಯುವುದೇ ಗ್ರಾಂಟ್ ಬರವಣಿಗೆ. ಮುಂದೆ ಹೇಳುವುದೆಲ್ಲ ಇದಕ್ಕೇ ಸಂಬಂಧಪಟ್ಟದ್ದು.

ಮಾತು ಗಾಳಿಯಲ್ಲಿ ತೇಲದಿರಲಿ ಅಂತ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ರಕ್ತದೊತ್ತಡ ಇರುವ ಎಷ್ಟೋ ಜನ ಕೆಲವು ತಿಂಗಳಾದ ಮೇಲೆ ಮಾತ್ರೆ ಬಿಟ್ಟುಬಿಡುತ್ತಾರೆ. ನರ್ಸ್ ಒಬ್ಬರು ಎರಡು ವಾರಕ್ಕೊಮ್ಮೆ ಫೋನ್ ಮಾಡಿ ಮಾತಾಡಿದರೆ ರಕ್ತದೊತ್ತಡ ಹತೋಟಿಗೆ ಬರುತ್ತದಾ? ಇದು ನಮ್ಮ ಪ್ರಶ್ನೆ ಅಂದುಕೊಳ್ಳಿ.

ಮೊದಲು ಹಣ ಕೊಡುವವರನ್ನು ಓದಿ

ತುಂಬಾ ಜನ ಪ್ರಪೋಸಲ್ ಬರೆದು ಮುಗಿಸಿ, ಆಮೇಲೆ ಯಾರಿಗೆ ಕಳಿಸೋಣ ಅಂತ ನೋಡುತ್ತಾರೆ. ಇದು ಉಲ್ಟಾ ಆಗಬೇಕು. ಒಂದು ಸಂಸ್ಥೆ ಹೊಸ ಔಷಧಿಯ ಹಿಂದಿನ ಜೀವವಿಜ್ಞಾನಕ್ಕೆ ಹಣ ಕೊಡುತ್ತದೆ, ಇನ್ನೊಂದು ಆಸ್ಪತ್ರೆಯಲ್ಲಿ ನಾಳೆಯೇ ಬಳಸಬಹುದಾದ ವಿಧಾನಕ್ಕೆ ಕೊಡುತ್ತದೆ. ನರ್ಸ್ ಫೋನಿನ ಪ್ರಶ್ನೆಯನ್ನು ಮೊದಲನೆಯವರ ಮುಂದಿಟ್ಟರೆ ಎಷ್ಟು ಚೆನ್ನಾಗಿ ಬರೆದರೂ ಪ್ರಯೋಜನವಿಲ್ಲ.

ಕರೆಪತ್ರವನ್ನು, ಅಂದರೆ ಅವರು ಅರ್ಜಿ ಕರೆದಿರುವ ಪ್ರಕಟಣೆಯನ್ನು, ಎರಡು ಸಲ ಓದಿ. ಒಮ್ಮೆ ಅರ್ಹತೆಗಾಗಿ: ಯಾರು ಪಿಐ (ಯೋಜನೆಯ ಮುಖ್ಯ ಸಂಶೋಧಕರು) ಆಗಬಹುದು, ಯಾವ ಸಂಸ್ಥೆ ಸಲ್ಲಿಸಬಹುದು, ಎಷ್ಟು ವರ್ಷದ ಯೋಜನೆ, ಯಾವ ಖರ್ಚಿಗೆ ಅವಕಾಶ ಇಲ್ಲ. ಇನ್ನೊಮ್ಮೆ ಅಂಕ ಹೇಗೆ ಕೊಡುತ್ತಾರೆ ಅನ್ನುವುದಕ್ಕಾಗಿ. ಈ ಎರಡನೇ ಓದು ಹೆಚ್ಚು ಮುಖ್ಯ. ಸಂಶೋಧನೆಗೆ ಹಣ ಕೊಡುವ ಯುರೋಪಿಯನ್ ಒಕ್ಕೂಟದ ಹೊರೈಜನ್ ಯುರೋಪ್ ಯೋಜನೆಗಳಲ್ಲಿ ಗುಣಮಟ್ಟ, ಪರಿಣಾಮ, ಜಾರಿ ಮಾಡುವ ರೀತಿ ಅಂತ ಮೂರು ಭಾಗ ಇವೆ. ಸಾಮಾನ್ಯವಾಗಿ ಪ್ರತಿಯೊಂದಕ್ಕೂ 5ರಲ್ಲಿ ಅಂಕ, ಕನಿಷ್ಠ 3 ಬರಬೇಕು, ಒಟ್ಟು ಕನಿಷ್ಠ 10 ಆಗಬೇಕು. ಅಂದರೆ ವಿಜ್ಞಾನ ಅದ್ಭುತವಾಗಿದ್ದು ಜಾರಿಯ ಭಾಗ ಸೊರಗಿದ್ದರೆ ಅಲ್ಲೇ ಆಟ ಮುಗಿಯಿತು. ಆರೋಗ್ಯ ಸಂಶೋಧನೆಗೆ ಹಣ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಚ್ 2025ರ ಜನವರಿಯಿಂದ ತನ್ನ ಬಹುತೇಕ ಸಂಶೋಧನಾ ಗ್ರಾಂಟ್‌ಗಳನ್ನು ಮೂರು ಪ್ರಶ್ನೆಯ ಮೇಲೆ ಅಳೆಯುತ್ತಿದೆ: ಈ ಕೆಲಸ ಎಷ್ಟು ಮುಖ್ಯ, ವಿಧಾನ ಗಟ್ಟಿಯಾಗಿದೆಯಾ ಮತ್ತು ನಡೆಯುತ್ತದಾ, ತಂಡಕ್ಕೂ ಸಂಸ್ಥೆಗೂ ಇದನ್ನು ಮಾಡುವ ಶಕ್ತಿ ಇದೆಯಾ. ಮೊದಲ ಎರಡಕ್ಕೆ ಅಂಕ ಇದೆ, ಮೂರನೆಯದಕ್ಕೆ ಅಂಕ ಇಲ್ಲ, ಸಾಕಷ್ಟು ಇದೆಯೋ ಇಲ್ಲವೋ ಅಂತ ಮಾತ್ರ ನೋಡುತ್ತಾರೆ. ಇದು ಗೊತ್ತಿದ್ದರೆ ತಂಡದ ಹೊಗಳಿಕೆಗೆ ಪುಟಗಟ್ಟಲೆ ಜಾಗ ಕೊಡುವುದಿಲ್ಲ ಅಲ್ವಾ?

ಆ ಸಂಸ್ಥೆ ಈಗಾಗಲೇ ಯಾವುದಕ್ಕೆ ಹಣ ಕೊಟ್ಟಿದೆ ಅಂತಲೂ ನೋಡಿ. ಎನ್‌ಐಎಚ್‌ನ ರಿಪೋರ್ಟರ್ ಅನ್ನುವ ಡೇಟಾಬೇಸ್ ಎಲ್ಲರಿಗೂ ತೆರೆದಿದೆ, ಹಣ ಸಿಕ್ಕ ಯೋಜನೆಗಳ ಸಾರಾಂಶ ಅದರಲ್ಲಿ ಸಿಗುತ್ತದೆ. ನಿಮ್ಮ ಪ್ರಶ್ನೆಗೆ ಈಗಾಗಲೇ ಯಾರಾದರೂ ಹಣ ಪಡೆದು ಕೆಲಸ ಮಾಡುತ್ತಿದ್ದಾರಾ ಅನ್ನುವುದು ಪೇಪರ್ ಪ್ರಕಟವಾಗುವುದಕ್ಕೆ ಎಷ್ಟೋ ಮೊದಲು ಇಲ್ಲಿ ಗೊತ್ತಾಗುತ್ತದೆ.

ಸಂದೇಹ ಇದ್ದರೆ ಆ ಸಂಸ್ಥೆಯ ಪ್ರೋಗ್ರಾಂ ಆಫೀಸರ್‌ಗೆ, ಅಂದರೆ ಆ ಕರೆಯನ್ನು ನೋಡಿಕೊಳ್ಳುವ ಅಧಿಕಾರಿಗೆ, ಬರೆಯಿರಿ. ಹೊಸಬರು ಇದಕ್ಕೆ ತುಂಬಾ ಸಂಕೋಚಪಡುತ್ತಾರೆ. ಸಂಕೋಚ ಬೇಡ, ಅದು ಅವರ ಕೆಲಸವೇ. ಆದರೆ “ನನ್ನ ಐಡಿಯಾ ಹೇಗಿದೆ?” ಅಂತ ಕೇಳಬೇಡಿ. ಒಂದು ಪುಟದಲ್ಲಿ ಉದ್ದೇಶಗಳನ್ನು ಬರೆದು ಕಳಿಸಿ, “ಇದು ಈ ಕರೆಗೆ ಹೊಂದುತ್ತದಾ, ಇಲ್ಲದಿದ್ದರೆ ಯಾವುದಕ್ಕೆ ಹೊಂದುತ್ತದೆ?” ಅಂತ ಕೇಳಿ.

ಪ್ರಶ್ನೆಯನ್ನು ಒಂದು ವಾಕ್ಯಕ್ಕೆ ಇಳಿಸಿ

“ರಕ್ತದೊತ್ತಡದ ರೋಗಿಗಳಲ್ಲಿ ಮಾತ್ರೆ ಸೇವನೆಯ ಅಧ್ಯಯನ” ಅಂದರೆ ಅದು ಪ್ರಶ್ನೆ ಅಲ್ಲ, ವಿಷಯ. ಪ್ರಶ್ನೆಯಲ್ಲಿ ನಾಲ್ಕು ವಿವರ ಇರಬೇಕು: ಯಾರ ಮೇಲೆ, ಏನು ಮಾಡುತ್ತೀರಿ, ಯಾವುದಕ್ಕೆ ಹೋಲಿಸುತ್ತೀರಿ, ಏನನ್ನು ಅಳೆಯುತ್ತೀರಿ. ವೈದ್ಯಕೀಯದಲ್ಲಿ ಇದನ್ನು ಪೀಕೋ ಅನ್ನುತ್ತಾರೆ. ಈ ರೀತಿ ಬರೆದರೆ ನಮ್ಮ ಪ್ರಶ್ನೆ ಹೀಗಾಗುತ್ತದೆ: “ರಕ್ತದೊತ್ತಡಕ್ಕೆ ಹೊಸದಾಗಿ ಮಾತ್ರೆ ಶುರುಮಾಡಿದ ವಯಸ್ಕರಲ್ಲಿ, ಮಾಮೂಲಿ ಚಿಕಿತ್ಸೆಗೆ ಹೋಲಿಸಿದರೆ, ಎರಡು ವಾರಕ್ಕೊಮ್ಮೆ ನರ್ಸ್ ಫೋನ್ ಮಾಡುವುದರಿಂದ 6 ತಿಂಗಳಿಗೆ ರಕ್ತದೊತ್ತಡ 140/90ಕ್ಕಿಂತ ಕೆಳಗೆ ಇರುವವರ ಪ್ರಮಾಣ ಜಾಸ್ತಿ ಆಗುತ್ತದಾ?”

ಈ ವಾಕ್ಯ ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ. ಸ್ಯಾಂಪಲ್ ಎಷ್ಟು, ಯಾವ ಉಪಕರಣ, ಎಷ್ಟು ಸಿಬ್ಬಂದಿ, ಎಷ್ಟು ಕಾಲ, ಎಲ್ಲ ಇದರಿಂದಲೇ ಹುಟ್ಟುತ್ತವೆ. ಸಿಗದಿದ್ದರೆ ಬರೆಯಲು ಕೂರಬೇಡಿ, ಇನ್ನೊಂದು ವಾರ ತಗೊಳ್ಳಿ.

ಪ್ರಶ್ನೆ ಸಿಕ್ಕ ಮೇಲೆ ಅದನ್ನು ಐದು ಕಡೆಯಿಂದ ತಿರುಗಿಸಿ ನೋಡಿ: ಮಾಡಲು ಸಾಧ್ಯವಾ, ಕುತೂಹಲ ಹುಟ್ಟಿಸುತ್ತದಾ, ಹೊಸದಾ, ನೈತಿಕವಾಗಿ ಸರಿಯಾ, ಇದರಿಂದ ಯಾರಿಗಾದರೂ ಉಪಯೋಗ ಇದೆಯಾ. ಇದಕ್ಕೆ ಫೈನರ್ ಅನ್ನುವ ಹೆಸರಿದೆ. ನನ್ನ ಪ್ರಕಾರ ಹೊಸಬರು ಎಡವುವುದು ಮೊದಲನೆಯದರಲ್ಲೇ. ಪ್ರಶ್ನೆ ಒಳ್ಳೆಯದೇ ಇರುತ್ತದೆ, ಆದರೆ ಅವರ ಬಳಿ ಇರುವ ರೋಗಿಗಳ ಸಂಖ್ಯೆಗೆ, ಕಾಲಕ್ಕೆ ಅದು ಆಗುವಂಥದ್ದಲ್ಲ.

ಉದ್ದೇಶಗಳ ಒಂದು ಪುಟ

ಎನ್‌ಐಎಚ್‌ಗೆ ಸಲ್ಲಿಸುವಾಗ ಸ್ಪೆಸಿಫಿಕ್ ಏಮ್ಸ್ ಅನ್ನುವ ಒಂದು ಪುಟ ಬೇಕೇ ಬೇಕು, ಒಂದು ಪುಟ ದಾಟುವಂತಿಲ್ಲ. ನಿಮ್ಮ ಸಂಸ್ಥೆ ಇದನ್ನು ಕೇಳದಿದ್ದರೂ ಬರೆಯಿರಿ. ನನ್ನನ್ನು ಕೇಳಿದರೆ ಇಡೀ ಪ್ರಪೋಸಲ್‌ಗೆ ಕೊಡುವ ಸಮಯದ ಕಾಲು ಭಾಗ ಈ ಒಂದು ಪುಟಕ್ಕೇ ಹೋಗಲಿ. ಸಭೆಯಲ್ಲಿ ಉಳಿದ ಸದಸ್ಯರು ಓದುವುದು ಹೆಚ್ಚಾಗಿ ಇದನ್ನೇ.

ಮೊದಲ ಪ್ಯಾರಾದಲ್ಲಿ ಸಮಸ್ಯೆ, ಈವರೆಗೆ ಗೊತ್ತಿರುವುದು, ಗೊತ್ತಿಲ್ಲದ್ದು. ಎರಡನೆಯದರಲ್ಲಿ ನೀವೇನು ಮಾಡುತ್ತೀರಿ, ಅದು ಕೆಲಸ ಮಾಡುತ್ತದೆ ಅಂತ ಯಾಕೆ ಅನಿಸುತ್ತದೆ, ನೀವೇ ಯಾಕೆ ಮಾಡಬೇಕು. ಆಮೇಲೆ ಎರಡು ಅಥವಾ ಮೂರು ಉದ್ದೇಶಗಳು. ಕೊನೆಯಲ್ಲಿ, ಇದು ಮುಗಿದಾಗ ಏನು ಬದಲಾಗುತ್ತದೆ ಅನ್ನುವ ಎರಡು ಸಾಲು.

ಉದ್ದೇಶಗಳ ವಿಷಯದಲ್ಲಿ ಒಂದು ಎಚ್ಚರಿಕೆ ಇದೆ, ರಿವ್ಯೂವರ್‌ಗಳು ಇದನ್ನು ಬೇಗ ಹಿಡಿಯುತ್ತಾರೆ. ಮೊದಲನೆಯದು ಕೈಕೊಟ್ಟರೆ ಎರಡನೆಯದೂ ಮೂರನೆಯದೂ ಬಿದ್ದುಹೋಗುವ ಹಾಗೆ ಇಡಬೇಡಿ. “ಮೊದಲು ಕಾಯಿಲೆಯ ಒಂದು ಗುರುತು ರಕ್ತದಲ್ಲಿ ಕಂಡುಹಿಡಿಯುತ್ತೇವೆ, ಆಮೇಲೆ ಅದೇ ಗುರುತಿನ ಮೇಲೆ ಪರೀಕ್ಷೆ ತಯಾರಿಸುತ್ತೇವೆ” ಅಂದರೆ, ಗುರುತು ಸಿಗದಿದ್ದರೆ ಏನು ಅನ್ನುವ ಪ್ರಶ್ನೆಗೆ ಉತ್ತರವೇ ಇಲ್ಲ. ನಮ್ಮ ಉದಾಹರಣೆಯಲ್ಲಿ ಒಂದು, ಫೋನ್ ಕರೆಯಿಂದ ರಕ್ತದೊತ್ತಡ ಹತೋಟಿಗೆ ಬರುತ್ತದಾ ಅಂತ ಅಳೆಯುವುದು. ಎರಡು, ಜನ ಮಾತ್ರೆ ಯಾಕೆ ಬಿಡುತ್ತಾರೆ ಅಂತ ಸಂದರ್ಶನ ಮಾಡಿ ತಿಳಿಯುವುದು. ಮೂರು, ಒಬ್ಬ ರೋಗಿಗೆ ಇದರ ಖರ್ಚು ಎಷ್ಟು ಬೀಳುತ್ತದೆ ಅಂತ ಲೆಕ್ಕ ಹಾಕುವುದು. ಫೋನ್ ಕರೆಯಿಂದ ಏನೂ ಆಗಲಿಲ್ಲ ಅಂತ ಬಂದರೂ ಎರಡನೆಯದು ಉಳಿಯುತ್ತದೆ, ಅಷ್ಟೇ ಅಲ್ಲ, ಯಾಕೆ ಆಗಲಿಲ್ಲ ಅಂತಲೂ ಅದು ಹೇಳುತ್ತದೆ.

ಐದಾರು ಉದ್ದೇಶ ಹಾಕುವುದು ಬೇಡ. ಅದು ಉತ್ಸಾಹದ ಹಾಗೆ ಕಾಣುವುದಿಲ್ಲ, ಲೆಕ್ಕ ತಪ್ಪಿದ ಹಾಗೆ ಕಾಣುತ್ತದೆ.

ಇದು ಯಾಕೆ ಬೇಕು ಅಂತ ಹೇಳುವ ಭಾಗ

ರಕ್ತದೊತ್ತಡದ ಪ್ರಪೋಸಲ್‌ಗಳು ಶುರುವಾಗುವುದು ಹೆಚ್ಚಾಗಿ ಒಂದೇ ವಾಕ್ಯದಿಂದ. ಜಗತ್ತಿನಲ್ಲಿ 30ರಿಂದ 79 ವರ್ಷದ ಸುಮಾರು 128 ಕೋಟಿ ಜನರಿಗೆ ರಕ್ತದೊತ್ತಡ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಅಂಕಿ ಸರಿ. ಆದರೆ ಇದರಿಂದ ನಿಮ್ಮ ಪ್ರಶ್ನೆಗೆ ಏನು ಬಂತು? ಅದೇ ಅಂಕಿಯಿಂದ ಹೊಸ ಮಾತ್ರೆ ಬೇಕು ಅಂತಲೂ ವಾದ ಮಾಡಬಹುದು, ಉಪ್ಪು ಕಡಿಮೆ ಮಾಡಿಸಬೇಕು ಅಂತಲೂ ಮಾಡಬಹುದು.

ಅದರ ಬದಲು ನೀವು ತುಂಬಲು ಹೊರಟಿರುವ ಕೊರತೆಗೆ ಹತ್ತಿರದ ಅಂಕಿಯಿಂದ ಶುರು ಮಾಡಿ. ಅದೇ ಸಂಸ್ಥೆಯ 2023ರ ವರದಿ ಪ್ರಕಾರ ರಕ್ತದೊತ್ತಡ ಇರುವವರಲ್ಲಿ ಹತೋಟಿಯಲ್ಲಿ ಇಟ್ಟುಕೊಂಡಿರುವವರು ಸುಮಾರು ಐವರಲ್ಲಿ ಒಬ್ಬರು. ಮಾತ್ರೆ ಇದೆ, ಬಹಳ ವರ್ಷದಿಂದ ಇದೆ, ಆದರೂ ಐವರಲ್ಲಿ ನಾಲ್ವರಿಗೆ ಹತೋಟಿ ಇಲ್ಲ. ಹಾಗಾದರೆ ತೊಂದರೆ ಬರೀ ಮಾತ್ರೆಯದ್ದಲ್ಲ, ಅದು ಜನರನ್ನು ತಲುಪುವ ಮತ್ತು ಅವರ ಜೊತೆ ಉಳಿಯುವ ದಾರಿಯದ್ದೂ ಹೌದು. ಇಲ್ಲಿಂದ ನರ್ಸ್ ಫೋನಿಗೆ ಎರಡೇ ಹೆಜ್ಜೆ.

ಹಿಂದಿನ ಅಧ್ಯಯನಗಳ ಬಗ್ಗೆ ಬರೆಯುವಾಗ ಎಲ್ಲವನ್ನೂ ಪಟ್ಟಿ ಮಾಡುವುದಕ್ಕಿಂತ, ಅವು ಎಲ್ಲಿ ನಿಂತವು ಅಂತ ಹೇಳಿ. ಕಾಲ ಕಡಿಮೆಯಾಯಿತಾ, ಜನ ಕಡಿಮೆಯಾದರಾ, ಮಾತ್ರೆ ನುಂಗಿದ್ದೇನೆ ಅಂತ ರೋಗಿ ಬಾಯಲ್ಲಿ ಹೇಳಿದ್ದನ್ನೇ ನಂಬಿದರಾ? ಜನ ತಾವು ಮಾತ್ರೆ ನುಂಗಿದ್ದನ್ನು ಜಾಸ್ತಿ ಹೇಳುತ್ತಾರೆ ಅನ್ನುವುದು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಈ ವಿಷಯದಲ್ಲಿ ಒಳ್ಳೆಯ ಸಿಸ್ಟಮ್ಯಾಟಿಕ್ ರಿವ್ಯೂ (ಹಿಂದಿನ ಅಧ್ಯಯನಗಳನ್ನೆಲ್ಲ ಕ್ರಮವಾಗಿ ಹುಡುಕಿ ಒಟ್ಟುಗೂಡಿಸಿದ ವಿಮರ್ಶೆ) ಇದ್ದರೆ ಅದನ್ನೇ ಆಧಾರ ಮಾಡಿ. ನಡೆಯುತ್ತಿರುವ ರಿವ್ಯೂಗಳಿಗೆ ಪ್ರಾಸ್ಪೆರೊ, ನಡೆಯುತ್ತಿರುವ ಪ್ರಯೋಗಗಳಿಗೆ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ಅನ್ನುವ ನೋಂದಣಿ ತಾಣಗಳನ್ನು ನೋಡಿ. “ಈ ವಿಷಯದಲ್ಲಿ ಯಾರೂ ಏನೂ ಮಾಡಿಲ್ಲ” ಅಂತ ಬರೆದು, ಓದುವ ರಿವ್ಯೂವರೇ ಅದನ್ನು ಮಾಡಿದವರಾಗಿದ್ದರೆ ಪರಿಸ್ಥಿತಿ ಹೇಗಿರುತ್ತದೆ, ನೀವೇ ಊಹಿಸಿ.

ವಿಧಾನ: ಸೋಲು ಗೆಲುವು ಹೆಚ್ಚಾಗಿ ಇಲ್ಲೇ

ಇಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ರಿವ್ಯೂವರ್‌ಗಳ ಟೀಕೆ ಹೆಚ್ಚು ಬೀಳುವುದು ಇಲ್ಲಿಗೇ.

ಮೊದಲು ಸ್ಯಾಂಪಲ್ ಸೈಜ್, ಅಂದರೆ ಅಧ್ಯಯನಕ್ಕೆ ಎಷ್ಟು ಜನ ಬೇಕು ಅನ್ನುವುದು. ಬಾಯಿಗೆ ಬಂದ ಸಂಖ್ಯೆ ಹಾಕಿ “ಇದು ಸಾಕಾಗುತ್ತದೆ” ಅಂದರೆ ಯಾರೂ ನಂಬುವುದಿಲ್ಲ. ನಮ್ಮ ಉದಾಹರಣೆ ತಗೊಳ್ಳಿ. ಮಾಮೂಲಿ ಚಿಕಿತ್ಸೆಯಲ್ಲಿ ಶೇಕಡ 20 ಜನರಿಗೆ ಹತೋಟಿ ಸಿಗುತ್ತದೆ, ಫೋನಿನಿಂದ ಅದು 30ಕ್ಕೆ ಏರಿದರೆ ಉಪಯೋಗ ಇದೆ ಅಂದುಕೊಳ್ಳೋಣ. ಮಾಮೂಲಿ ಲೆಕ್ಕದಂತೆ ಶೇಕಡ 5ರ ಸಿಗ್ನಿಫಿಕೆನ್ಸ್ ಮಟ್ಟ (ಇಲ್ಲದ ವ್ಯತ್ಯಾಸವನ್ನು ಇದೆ ಅಂದುಬಿಡುವ ಅಪಾಯ), ಶೇಕಡ 80 ಪವರ್ (ನಿಜವಾಗಿ ಇರುವ ವ್ಯತ್ಯಾಸ ಕಾಣಿಸುವ ಸಾಧ್ಯತೆ) ಇಟ್ಟರೆ ಒಂದೊಂದು ಗುಂಪಿಗೆ 294 ಜನ ಬೇಕು. ನಡುವೆ ಶೇಕಡ 15 ಜನ ಬಿಟ್ಟುಹೋಗಬಹುದು ಅಂತ ಸೇರಿಸಿದರೆ ಗುಂಪಿಗೆ 346, ಒಟ್ಟು 692.

ಈಗ ಇದೇ ಏರಿಕೆ 20ರಿಂದ 25ಕ್ಕೆ ಮಾತ್ರ ಅಂದುಕೊಳ್ಳಿ. ಗುಂಪಿಗೆ ಬೇಕಾಗುವುದು ಸುಮಾರು 1,094 ಜನ, ಅದೂ ಬಿಟ್ಟುಹೋಗುವವರನ್ನು ಸೇರಿಸದೆ. ವ್ಯತ್ಯಾಸ ಅರ್ಧ ಆದರೆ ಜನ ನಾಲ್ಕು ಪಟ್ಟಿನ ಹತ್ತಿರಕ್ಕೆ ಹೋಗುತ್ತಾರೆ. ಅದಕ್ಕೇ ಶೇಕಡ 10 ಅನ್ನುವ ವ್ಯತ್ಯಾಸ ಎಲ್ಲಿಂದ ಬಂತು ಅಂತ ರಿವ್ಯೂವರ್ ಕೇಳಿಯೇ ಕೇಳುತ್ತಾರೆ. ಅದು ಹಿಂದಿನ ಅಧ್ಯಯನದಿಂದ ಬಂದಿರಬೇಕು, ಇಲ್ಲವೇ ಇಷ್ಟಾದರೂ ಸಿಗದಿದ್ದರೆ ಇದನ್ನು ಜಾರಿ ಮಾಡಿ ಪ್ರಯೋಜನವಿಲ್ಲ ಅನ್ನುವ ವೈದ್ಯಕೀಯ ತೀರ್ಮಾನದಿಂದ ಬಂದಿರಬೇಕು. ಸ್ಯಾಂಪಲ್ ಕಡಿಮೆ ತೋರಿಸಲು ವ್ಯತ್ಯಾಸವನ್ನು ಹಿಗ್ಗಿಸಿದರೆ ಅನುಭವಿಗಳಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ರೋಗಿಗಳ ಬದಲು ಇಡೀ ಕ್ಲಿನಿಕ್‌ಗಳನ್ನೇ ಎರಡು ಗುಂಪಾಗಿ ಹಂಚುತ್ತೀರಾ? ಹಾಗಾದರೆ ಲೆಕ್ಕ ಬೇರೆ. ಒಂದೇ ಕ್ಲಿನಿಕ್‌ನ ರೋಗಿಗಳು ಒಬ್ಬರಿಗೊಬ್ಬರು ಸ್ವಲ್ಪ ಹೋಲುತ್ತಾರೆ. ಒಂದು ಕ್ಲಿನಿಕ್‌ನಿಂದ 20 ಜನ, ಆ ಹೋಲಿಕೆಯ ಅಳತೆ 0.02 ಅಂದರೂ ಸ್ಯಾಂಪಲ್ 1.38 ಪಟ್ಟು ಆಗಬೇಕು. 294 ಇದ್ದದ್ದು 406 ಆಗುತ್ತದೆ. ಇದನ್ನು ಮರೆತ ಪ್ರಪೋಸಲ್ ಅಂಕಿಅಂಶದ ರಿವ್ಯೂವರ್ ಕೈಯಲ್ಲಿ ಉಳಿಯುವುದಿಲ್ಲ. ಅದಕ್ಕೆ ಸ್ಟ್ಯಾಟಿಸ್ಟಿಷಿಯನ್ ಒಬ್ಬರನ್ನು ಮೊದಲ ದಿನದಿಂದಲೇ ತಂಡಕ್ಕೆ ಸೇರಿಸಿಕೊಳ್ಳಿ, ಅವರ ಸಮಯಕ್ಕೆ ಬಜೆಟ್‌ನಲ್ಲಿ ಜಾಗ ಇಡಿ. ಎಲ್ಲ ಬರೆದು ಮುಗಿದ ಮೇಲೆ “ಸ್ವಲ್ಪ ಸ್ಯಾಂಪಲ್ ಸೈಜ್ ಹಾಕಿಕೊಡಿ” ಅಂತ ಅವರ ಬಳಿ ಹೋಗಬೇಡಿ.

ಇನ್ನು ಆ 692 ಜನ ಎಲ್ಲಿಂದ ಬರುತ್ತಾರೆ? 3 ವರ್ಷದ ಯೋಜನೆ, ಅಂದರೆ 36 ತಿಂಗಳು. ಅನುಮತಿ, ನೇಮಕ, ತರಬೇತಿಗೆ ಮೊದಲ 4 ತಿಂಗಳು. ಕೊನೆಯ ರೋಗಿಯನ್ನು ಸೇರಿಸಿದ ಮೇಲೆ 6 ತಿಂಗಳು ಕಾಯಬೇಕು. ವಿಶ್ಲೇಷಣೆ, ವರದಿಗೆ 4 ತಿಂಗಳು. ರೋಗಿಗಳನ್ನು ಸೇರಿಸಿಕೊಳ್ಳಲು ಉಳಿಯುವುದು 22 ತಿಂಗಳು. ತಿಂಗಳಿಗೆ 32 ಜನ ಸೇರಬೇಕು. ನಿಮ್ಮ ಆಸ್ಪತ್ರೆಗೆ ತಿಂಗಳಿಗೆ ಹೊಸದಾಗಿ ಮಾತ್ರೆ ಶುರುಮಾಡುವ 100 ಜನ ಬಂದು, ಅವರಲ್ಲಿ 60 ಜನ ನಿಮ್ಮ ನಿಯಮಕ್ಕೆ ಹೊಂದಿ, ಅರ್ಧ ಜನ ಒಪ್ಪಿದರೆ ಸಿಗುವುದು 30. ಈಗಲೇ ಕಡಿಮೆ ಬಿತ್ತು. ಇದರ ಮೇಲೆ ಇನ್ನೊಂದು ವಿಷಯ ಇದೆ. ಪ್ರಯೋಗ ಶುರುವಾದ ಕೂಡಲೇ ಹೊಂದುವ ರೋಗಿಗಳ ಸಂಖ್ಯೆ ಕುಸಿಯುತ್ತದೆ ಅನ್ನುವುದು ಔಷಧ ವಿಜ್ಞಾನಿ ಲೂಯಿಸ್ ಲಸಾನ್ಯಾ ಅವರ ಹೆಸರಿನಲ್ಲೇ ನಿಯಮವಾಗಿ ನಿಂತಿದೆ. ಆದ್ದರಿಂದ ಇನ್ನೊಂದು ಆಸ್ಪತ್ರೆಯನ್ನು ಮೊದಲೇ ಸೇರಿಸಿಕೊಳ್ಳಿ, ಅವರ ಒಪ್ಪಿಗೆ ಪತ್ರ ಲಗತ್ತಿಸಿ. ಈ ಲೆಕ್ಕವನ್ನು ಪ್ರಪೋಸಲ್‌ನಲ್ಲಿ ಹೀಗೇ ಬಿಡಿಸಿ ಬರೆಯಿರಿ. ಮೊದಲು ಹೇಳಿದೆನಲ್ಲ, ಸಭೆಯಲ್ಲಿ ಯಾರೋ ಕೇಳುವ ಪ್ರಶ್ನೆ, ಅದಕ್ಕೆ ಉತ್ತರ ಈ ನಾಲ್ಕು ಸಾಲು.

ಆಮೇಲೆ ಬಯಾಸ್, ಅಂದರೆ ಫಲಿತಾಂಶವನ್ನು ಒಂದು ಕಡೆಗೆ ವಾಲಿಸುವ ದೋಷ. ನರ್ಸ್ ಫೋನ್ ಮಾಡುತ್ತಾರೋ ಇಲ್ಲವೋ ಅನ್ನುವುದನ್ನು ರೋಗಿಯಿಂದ ಮುಚ್ಚಿಡಲು ಆಗುವುದಿಲ್ಲ. ಅದನ್ನು ನೇರವಾಗಿ ಒಪ್ಪಿಕೊಳ್ಳಿ. ಆದರೆ 6 ತಿಂಗಳ ಕೊನೆಗೆ ರಕ್ತದೊತ್ತಡ ಅಳೆಯುವವರಿಗೆ ಯಾರು ಯಾವ ಗುಂಪು ಅಂತ ಗೊತ್ತಿಲ್ಲದ ಹಾಗೆ ಮಾಡಬಹುದು, ಆಟೊಮ್ಯಾಟಿಕ್ ಯಂತ್ರದಿಂದ ಹಲವು ಸಲ ಅಳೆದು ಸರಾಸರಿ ತೆಗೆಯಬಹುದು. ಗುಂಪು ಹಂಚುವ ಪಟ್ಟಿ ರೋಗಿಯನ್ನು ಸೇರಿಸಿಕೊಳ್ಳುವವರ ಕೈಗೆ ಸಿಗದ ಹಾಗೆ ಇಡಬಹುದು. ನಡುವೆ ಬಿಟ್ಟವರನ್ನೂ ಅವರ ಮೂಲ ಗುಂಪಿನಲ್ಲೇ ಲೆಕ್ಕ ಹಾಕುತ್ತೀರಿ ಅಂತ ಹೇಳಿ. ಪ್ರಯೋಗದ ಪ್ರೋಟೊಕಾಲ್‌ನಲ್ಲಿ (ಪ್ರಯೋಗ ಹೇಗೆ ನಡೆಯುತ್ತದೆ ಅನ್ನುವ ಪೂರ್ತಿ ಯೋಜನೆಯಲ್ಲಿ) ಏನೇನು ಇರಬೇಕು ಅನ್ನುವುದಕ್ಕೆ ಸ್ಪಿರಿಟ್ ಅನ್ನುವ ಪಟ್ಟಿ ಇದೆ, 2013ರಲ್ಲಿ ಬಂದದ್ದು 2025ರಲ್ಲಿ ಪರಿಷ್ಕರಣೆ ಆಗಿದೆ. ಪ್ರಯೋಗ ಅಲ್ಲದ, ಬರೀ ಗಮನಿಸುವ ಅಧ್ಯಯನವಾದರೆ ಸ್ಟ್ರೋಬ್ ನೋಡಿ. ಅದು ವರದಿ ಬರೆಯಲು ಮಾಡಿದ ಪಟ್ಟಿ, ಆದರೂ ಯೋಜನೆ ಮಾಡುವಾಗಲೇ ಪಕ್ಕದಲ್ಲಿ ಇಟ್ಟುಕೊಂಡರೆ ಎಷ್ಟೋ ಶ್ರಮ ಉಳಿಯುತ್ತದೆ.

ಏನು ತಪ್ಪಾಗಬಹುದು ಅಂತ ಬರೆಯಲು ಹೊಸಬರಿಗೆ ಭಯ. ದೌರ್ಬಲ್ಯ ತೋರಿಸಿದ ಹಾಗಾಗುತ್ತದೆ ಅಂದುಕೊಳ್ಳುತ್ತಾರೆ. ರಿವ್ಯೂವರ್ ಆ ದೌರ್ಬಲ್ಯವನ್ನು ಹೇಗೂ ಕಾಣುತ್ತಾರೆ. ನೀವು ಮೊದಲೇ ಹೇಳಿ, ಅದಕ್ಕೆ ಪರಿಹಾರವನ್ನೂ ಕೊಟ್ಟಿದ್ದರೆ, “ಇವರು ಯೋಚಿಸಿದ್ದಾರೆ” ಅಂತ ಟಿಪ್ಪಣಿ ಬೀಳುತ್ತದೆ. ಉದಾಹರಣೆಗೆ: “ಮೊದಲ 6 ತಿಂಗಳಲ್ಲಿ ಸೇರಿದವರು ತಿಂಗಳಿಗೆ 20ಕ್ಕಿಂತ ಕಡಿಮೆ ಆದರೆ ಮೂರನೇ ಕೇಂದ್ರವನ್ನು ಸೇರಿಸುತ್ತೇವೆ, ಅದರೊಂದಿಗೆ ಈಗಾಗಲೇ ಮಾತಾಗಿದೆ.”

ಪೈಲಟ್ ಡೇಟಾ, ಅಂದರೆ ಮೊದಲೇ ಮಾಡಿ ನೋಡಿದ ಸಣ್ಣ ಪ್ರಯತ್ನದ ಮಾಹಿತಿ, ಇದ್ದರೆ ಹಾಕಿ, ಚಿಕ್ಕದಾದರೂ ಪರವಾಗಿಲ್ಲ. ಆದರೆ ಅದರಿಂದ ಏನು ಸಾಬೀತಾಗುತ್ತದೋ ಅಷ್ಟಕ್ಕೇ ಬಳಸಿ. ಇಪ್ಪತ್ತು ಮೂವತ್ತು ಜನರ ಪೈಲಟ್‌ನಿಂದ ಜನ ಫೋನ್ ಎತ್ತುತ್ತಾರೆ, ನರ್ಸ್‌ಗೆ ಒಂದು ಕರೆಗೆ ಇಷ್ಟು ಹೊತ್ತು ಹಿಡಿಯುತ್ತದೆ ಅಂತ ಹೇಳಬಹುದು. ಚಿಕಿತ್ಸೆ ಕೆಲಸ ಮಾಡುತ್ತದೆ ಅಂತ ಹೇಳಲು ಅದು ಸಾಲದು.

ರೋಗಿಗಳ ಜೊತೆ ಮಾತಾಡಿದ್ದೀರಾ?

ಆರೋಗ್ಯ ಸಂಶೋಧನೆಗೆ ಹಣ ಕೊಡುವ ಬ್ರಿಟನ್‌ನ ಎನ್‌ಐಎಚ್‌ಆರ್‌ನಂಥ ಸಂಸ್ಥೆಗಳು ಇದನ್ನು ಗಂಭೀರವಾಗಿ ನೋಡುತ್ತವೆ. ಯೋಜನೆ ರೂಪಿಸುವಾಗ ರೋಗಿಗಳ, ಸಾರ್ವಜನಿಕರ ಮಾತು ಕೇಳಿದ್ದೀರಾ, ಸಾಮಾನ್ಯರಿಗೆ ಅರ್ಥವಾಗುವ ಸಾರಾಂಶ ಬರೆದಿದ್ದೀರಾ ಅಂತ ಕೇಳುತ್ತವೆ. ಕೇಳದಿದ್ದರೂ ಇದನ್ನು ಮಾಡಿ. ರಕ್ತದೊತ್ತಡ ಇರುವ ನಾಲ್ಕಾರು ಜನರನ್ನು ಕೂರಿಸಿ ಕೇಳಿದರೆ, ಬೆಳಗ್ಗೆ ಫೋನ್ ಮಾಡಿದರೆ ಎತ್ತಲು ಆಗುವುದಿಲ್ಲ, ಮನೆಯಲ್ಲಿ ಒಂದೇ ಫೋನ್ ಇದೆ, ಕಾಯಿಲೆ ವಿಷಯ ಬೇರೆಯವರಿಗೆ ಗೊತ್ತಾಗುವುದು ಇಷ್ಟ ಇಲ್ಲ ಅನ್ನುವಂಥ ಮಾತು ಬರಬಹುದು. ಮೇಜಿನ ಮುಂದೆ ಕೂತು ಇದನ್ನು ಯಾರೂ ಊಹಿಸಲಾರರು. ಅವರ ಮಾತಿನಿಂದ ಯೋಜನೆಯಲ್ಲಿ ಏನು ಬದಲಾಯಿತು ಅಂತ ಸ್ಪಷ್ಟವಾಗಿ ಬರೆಯಿರಿ. “ರೋಗಿಗಳನ್ನು ತೊಡಗಿಸಿಕೊಳ್ಳಲಾಗುವುದು” ಅಂತ ಸುಮ್ನೆ ಒಂದು ಸಾಲು ಹಾಕಿದರೆ ಅದಕ್ಕೆ ಬೆಲೆ ಇಲ್ಲ.

ನೈತಿಕತೆ ಮತ್ತು ಡೇಟಾ

ಎಥಿಕ್ಸ್ ಕಮಿಟಿ ಅನುಮತಿ ಹಣಕ್ಕೆ ಮೊದಲು ಬೇಕಾ, ಆಮೇಲೆ ಸಾಕಾ ಅನ್ನುವುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಮೊದಲು ಬೇಕು ಅಂತಿದ್ದರೆ ಕಮಿಟಿ ಯಾವಾಗ ಸೇರುತ್ತದೆ ಅಂತ ಈಗಲೇ ವಿಚಾರಿಸಿ. ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಗೆ ಹೆಲ್ಸಿಂಕಿ ಘೋಷಣೆ 1964ರಿಂದ ಆಧಾರ. 2024ರ ಪರಿಷ್ಕರಣೆಯನ್ನು ಓದಿಕೊಳ್ಳಿ, ಹಳೆಯ ಪ್ರಪೋಸಲ್‌ನಿಂದ ಹಳೆಯ ಸಾಲು ನಕಲು ಮಾಡಬೇಡಿ.

ಒಪ್ಪಿಗೆ ಹೇಗೆ ಪಡೆಯುತ್ತೀರಿ, ಓದಲು ಬಾರದವರಿಗೆ ಏನು ಮಾಡುತ್ತೀರಿ, ನಡುವೆ ಬಿಡಬಹುದು ಅಂತ ಹೇಗೆ ತಿಳಿಸುತ್ತೀರಿ ಅನ್ನುವುದು ನಿಮ್ಮ ಯೋಜನೆಗೇ ಹೊಂದುವ ಹಾಗೆ ಇರಲಿ. ಇನ್ನೊಂದು ಪ್ರಶ್ನೆ ಬಹಳ ಜನರಿಗೆ ಹೊಳೆಯುವುದೇ ಇಲ್ಲ: ಫೋನ್ ಮಾಡಿದಾಗ ರೋಗಿ “ಎದೆ ನೋಯುತ್ತಿದೆ” ಅಂದರೆ ನರ್ಸ್ ಏನು ಮಾಡಬೇಕು? ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಒಬ್ಬರ ರಕ್ತದೊತ್ತಡ ಅಪಾಯದ ಮಟ್ಟದಲ್ಲಿ ಕಂಡರೆ ಸುಮ್ಮನೆ ಬರೆದುಕೊಂಡು ಕಳಿಸುತ್ತೀರಾ? ಇವಕ್ಕೆ ಉತ್ತರ ಪ್ರಪೋಸಲ್‌ನಲ್ಲೇ ಇರಬೇಕು. ಇದು ಅಂಕಕ್ಕಾಗಿ ಮಾತ್ರ ಅಲ್ಲ, ನಿಮ್ಮನ್ನು ನಂಬಿ ಸೇರಿದವರಿಗಾಗಿ.

ಡೇಟಾ ಎಲ್ಲಿ ಇಡುತ್ತೀರಿ, ಯಾರು ನೋಡಬಹುದು, ಹೆಸರು ಯಾವಾಗ ತೆಗೆಯುತ್ತೀರಿ, ಬೇರೆ ಸಂಶೋಧಕರಿಗೆ ಹೇಗೆ ಕೊಡುತ್ತೀರಿ ಅಂತ ಒಂದು ಯೋಜನೆ ಕೇಳುತ್ತಾರೆ. ಎನ್‌ಐಎಚ್ 2023ರ ಜನವರಿಯಿಂದ ಇದನ್ನು ಕಡ್ಡಾಯ ಮಾಡಿದೆ. ಇದಕ್ಕೂ ಖರ್ಚಿದೆ, ಬಜೆಟ್‌ನಲ್ಲಿ ಸೇರಿಸಿ.

ಬಜೆಟ್

ವಿಧಾನದಲ್ಲಿ ಹೇಳಿದ ಪ್ರತಿ ಕೆಲಸಕ್ಕೂ ಬಜೆಟ್‌ನಲ್ಲಿ ಒಂದು ಸಾಲು, ಬಜೆಟ್‌ನ ಪ್ರತಿ ಸಾಲಿಗೂ ವಿಧಾನದಲ್ಲಿ ಒಂದು ಕಾರಣ. ಇಷ್ಟು ಹೊಂದಿದರೆ ಬಜೆಟ್ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ.

ನರ್ಸ್ ಎಷ್ಟು ಜನ ಬೇಕು ಅಂತ ಲೆಕ್ಕ ಹಾಕಿ ನೋಡೋಣ. ಫೋನ್ ಗುಂಪಿನಲ್ಲಿ 346 ಜನ, 6 ತಿಂಗಳಲ್ಲಿ ಒಬ್ಬರಿಗೆ ಸುಮಾರು 13 ಕರೆ. ಒಟ್ಟು 4,498 ಕರೆ. ಒಂದು ಕರೆಗೆ, ಎತ್ತದಿದ್ದಾಗ ಮತ್ತೆ ಮಾಡುವುದು ಮತ್ತು ಬರೆದುಕೊಳ್ಳುವುದು ಎಲ್ಲ ಸೇರಿ, 20 ನಿಮಿಷ ಅಂದರೆ ಸುಮಾರು 1,500 ಗಂಟೆ. ಇದನ್ನು ಬರೆದರೆ ನರ್ಸ್ ಸಂಬಳದ ಸಾಲು ತಾನೇ ನಿಲ್ಲುತ್ತದೆ. “ಸಂಶೋಧನಾ ಸಹಾಯಕರು, ಇಬ್ಬರು, 3 ವರ್ಷ” ಅಂತ ಮಾತ್ರ ಬರೆದರೆ ಯಾಕೆ ಇಬ್ಬರು, ಒಬ್ಬರು ಸಾಲದಾ ಅಂತ ಕೇಳುತ್ತಾರೆ, ಹಣ ಕತ್ತರಿಸುತ್ತಾರೆ.

ಜನ ಮರೆಯುವ ಖರ್ಚುಗಳು ಇವು: ಭಾಗವಹಿಸುವವರ ಓಡಾಟದ ಖರ್ಚು, ಒಪ್ಪಿಗೆ ಪತ್ರದ ಅನುವಾದ, ವಿಮೆ, ಯಂತ್ರಗಳ ದುರಸ್ತಿ ಮತ್ತು ಮಾಪನ ಸರಿ ಇದೆಯಾ ಅಂತ ನೋಡಿಸುವುದು, ವರ್ಷದಿಂದ ವರ್ಷಕ್ಕೆ ಏರುವ ಸಂಬಳ, ಪೇಪರನ್ನು ಎಲ್ಲರಿಗೂ ತೆರೆದು ಪ್ರಕಟಿಸಲು ಕೊಡುವ ಶುಲ್ಕ. ಓವರ್‌ಹೆಡ್ (ಕಟ್ಟಡ, ವಿದ್ಯುತ್, ಆಡಳಿತದಂಥ ಸಂಸ್ಥೆಯ ಸಾಮಾನ್ಯ ಖರ್ಚಿನ ಪಾಲು) ಎಷ್ಟು ಹಾಕಬಹುದು ಅನ್ನುವುದಕ್ಕೆ ಹಣ ಕೊಡುವವರದ್ದೂ ನಿಯಮ ಇರುತ್ತದೆ, ನಿಮ್ಮ ಸಂಸ್ಥೆಯದ್ದೂ ಇರುತ್ತದೆ. ಎರಡೂ ಹೊಂದದಿದ್ದರೆ ಡೆಡ್‌ಲೈನ್ ದಿನ ಗೊತ್ತಾಗಬಾರದು. ಕಡಿಮೆ ಕೇಳಿದರೆ ಬೇಗ ಸಿಗುತ್ತದೆ ಅನ್ನುವ ನಂಬಿಕೆ ಬಿಡಿ. ಕೆಲಸಕ್ಕೆ ಸಾಲದ ಬಜೆಟ್ ನೋಡಿದರೆ ಈ ಕೆಲಸದ ಗಾತ್ರವೇ ಇವರಿಗೆ ಗೊತ್ತಿಲ್ಲ ಅನಿಸುತ್ತದೆ.

ಬರವಣಿಗೆ

ಒಂದು ಪ್ಯಾರಾಗೆ ಒಂದು ವಿಷಯ, ಮುಖ್ಯ ಮಾತು ಮೊದಲ ವಾಕ್ಯದಲ್ಲೇ. ಅವಸರದಲ್ಲಿರುವ ರಿವ್ಯೂವರ್ ಬರೀ ಮೊದಲ ವಾಕ್ಯಗಳನ್ನು ಓದಿದರೂ ಇಡೀ ಕಥೆ ಸಿಗಬೇಕು. ಉದ್ದೇಶದ ಪುಟದಲ್ಲಿ “ಹತೋಟಿ” ಅಂದದ್ದು ವಿಧಾನದಲ್ಲಿ “ಚಿಕಿತ್ಸಾ ಯಶಸ್ಸು” ಆಗಬಾರದು, ಒಂದಕ್ಕೆ ಒಂದೇ ಹೆಸರು. ಸಂಕ್ಷಿಪ್ತ ಅಕ್ಷರಗಳು ಆದಷ್ಟು ಕಡಿಮೆ. ಅಕ್ಷರ ಚಿಕ್ಕದು ಮಾಡಿ, ಅಂಚು ಕಿರಿದು ಮಾಡಿ ಜಾಗ ಮಾಡಿಕೊಳ್ಳಬೇಡಿ, ಎಷ್ಟೋ ಕಡೆ ಅದೇ ಕಾರಣಕ್ಕೆ ಓದದೆ ವಾಪಸ್ ಕಳಿಸುತ್ತಾರೆ. ಕಾಲದ ಯೋಜನೆಯನ್ನು ಚಾರ್ಟ್‌ನಲ್ಲಿ ತೋರಿಸಿ.

ಎಐ ಬಳಸುವ ಯೋಚನೆ ಇದ್ದರೆ ಆ ಸಂಸ್ಥೆಯ ನಿಯಮ ಮೊದಲು ಓದಿ. ಹೆಚ್ಚಿನ ಭಾಗ ಎಐ ಬರೆದ ಅರ್ಜಿಗಳನ್ನು ಅರ್ಜಿದಾರರ ಸ್ವಂತ ಆಲೋಚನೆ ಅಂತ ಪರಿಗಣಿಸುವುದಿಲ್ಲ ಎಂದು ಎನ್‌ಐಎಚ್ 2025ರ ಸೆಪ್ಟೆಂಬರ್‌ನಿಂದ ನಿಯಮ ಮಾಡಿದೆ. ನಿಯಮ ಬಿಡಿ, ನಿಮ್ಮ ಪ್ರಶ್ನೆ ನಿಮ್ಮ ರೋಗಿಗಳ ನಡುವೆ ಹುಟ್ಟಿದ್ದು ಅನ್ನುವುದು ಬರಹದಲ್ಲಿ ಕಾಣಬೇಕು.

ಡೆಡ್‌ಲೈನ್‌ಗೆ ಒಂದು ತಿಂಗಳು ಇರುವಾಗ ಇಬ್ಬರಿಗೆ ಓದಲು ಕೊಡಿ: ನಿಮ್ಮ ಕ್ಷೇತ್ರದ ಒಬ್ಬರಿಗೆ, ಅದರ ಗಂಧಗಾಳಿ ಇಲ್ಲದ ಒಬ್ಬರಿಗೆ. ಎರಡನೆಯವರಿಗೆ ಉದ್ದೇಶಗಳ ಪುಟ ಮಾತ್ರ ಕೊಟ್ಟು, ಕಾಗದ ವಾಪಸ್ ತಗೊಂಡು, “ಇದರಲ್ಲಿ ಏನು ಮಾಡ್ತಿದ್ದೀವಿ ಹೇಳಿ” ಅನ್ನಿ. ಅವರು ತಡವರಿಸಿದ ಜಾಗವನ್ನು ತಿದ್ದಿ. ಸಭೆಯಲ್ಲಿ ರಿವ್ಯೂವರ್ ತಡವರಿಸುವುದೂ ಅಲ್ಲೇ.

ಬೆಂಬಲ ಪತ್ರಗಳು, ಎಲ್ಲರ ಬಯೋಡೇಟಾ, ಸಂಸ್ಥೆಯ ಸಹಿ, ಇವೆಲ್ಲ ನಿಮ್ಮ ಕೈಯಲ್ಲಿ ಇಲ್ಲದ ಕೆಲಸಗಳು, ಅದಕ್ಕೇ ಮೊದಲು ಶುರು ಮಾಡಿ. ಕೊನೆಯ ದಿನಕ್ಕೆ ಎರಡು ದಿನ ಮೊದಲೇ ಪೋರ್ಟಲ್‌ಗೆ ಏರಿಸಿ.

ಸಿಗದಿದ್ದರೆ

ಹೆಚ್ಚಿನ ಪ್ರಪೋಸಲ್‌ಗಳಿಗೆ ಮೊದಲ ಸಲ ಹಣ ಸಿಗುವುದಿಲ್ಲ. ಎನ್‌ಐಎಚ್‌ನ ಸಭೆಗಳಲ್ಲಿ ಸಾಮಾನ್ಯವಾಗಿ ಕೆಳಗಿನ ಅರ್ಧದಷ್ಟು ಅರ್ಜಿಗಳನ್ನು ಚರ್ಚೆಗೇ ತಗೊಳ್ಳುವುದಿಲ್ಲ, ಆದರೂ ರಿವ್ಯೂವರ್‌ಗಳ ಬರಹ ಅವರಿಗೂ ಸಿಗುತ್ತದೆ. ಆ ಟಿಪ್ಪಣಿ ಬಂದ ದಿನ ಒಮ್ಮೆ ಓದಿ ಮುಚ್ಚಿಡಿ. ಬೇಜಾರು ಆಗುತ್ತದೆ, ಆಗಲಿ. ಒಂದು ವಾರ ಬಿಟ್ಟು ತೆಗೆದು, ಪ್ರತಿ ಟೀಕೆಯನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಳ್ಳಿ. ಯಾವುದು ಬರೆದ ರೀತಿಯ ತಪ್ಪು, ಯಾವುದು ವಿಧಾನದ ತಪ್ಪು, ಯಾವುದು ಪ್ರಶ್ನೆಯ ಬಗ್ಗೆಯೇ ಇರುವ ಅನುಮಾನ ಅಂತ ವಿಂಗಡಿಸಿ. ಮೊದಲೆರಡನ್ನು ತಿದ್ದಬಹುದು. “ಇದು ಅಷ್ಟೇನೂ ಮುಖ್ಯ ಅನಿಸುವುದಿಲ್ಲ” ಅಂತ ಇಬ್ಬರು ಹೇಳಿದ್ದರೆ ಬೇರೆ ಸಂಸ್ಥೆ ಹುಡುಕುವುದೋ ಪ್ರಶ್ನೆ ಬದಲಿಸುವುದೋ ಒಳ್ಳೆಯದು.

ರಿವ್ಯೂವರ್ ತಪ್ಪಾಗಿ ಅರ್ಥ ಮಾಡಿಕೊಂಡಿದ್ದಾರೆ ಅನಿಸಿದರೂ “ಪುಟ 7ರಲ್ಲಿ ಹೇಳಿದ್ದೆವು” ಅಂತ ಜಗಳಕ್ಕೆ ಇಳಿಯಬೇಡಿ. ಪುಟ 7ರಲ್ಲಿ ಇದ್ದದ್ದು ಅವರಿಗೆ ಕಾಣಲಿಲ್ಲ ಅಂದರೆ ಅದನ್ನು ಪುಟ 1ಕ್ಕೆ ತನ್ನಿ. ಎನ್‌ಐಎಚ್‌ನಲ್ಲಿ ಅದೇ ಅರ್ಜಿಯನ್ನು 37 ತಿಂಗಳ ಒಳಗೆ ಒಮ್ಮೆ ಮರುಸಲ್ಲಿಸಬಹುದು, ಏನೇನು ಬದಲಾಯಿಸಿದ್ದೀರಿ ಅಂತ ಹೇಳಲು ಸಾಮಾನ್ಯವಾಗಿ ಒಂದು ಪುಟ ಸಿಗುತ್ತದೆ. ಬೇರೆ ಸಂಸ್ಥೆಗಳಿಗೆ ಬೇರೆ ನಿಯಮ. ಆ ಒಂದು ಪುಟದಲ್ಲಿ ದೊಡ್ಡ ಟೀಕೆಗಳನ್ನು ಮೊದಲು ಎತ್ತಿಕೊಳ್ಳಿ, ಪ್ರತಿಯೊಂದಕ್ಕೂ ಏನು ಮಾಡಿದಿರಿ ಅಂತ ಒಂದೆರಡು ಸಾಲಿನಲ್ಲಿ ಹೇಳಿ: “ರೋಗಿಗಳು ಸಾಲದು ಅನ್ನುವ ಅನುಮಾನ ಸರಿ. ಎರಡನೇ ಆಸ್ಪತ್ರೆ ಸೇರಿಸಿದ್ದೇವೆ, ಈಗ ತಿಂಗಳಿಗೆ 45 ಜನ ಸಿಗುವ ಅಂದಾಜಿದೆ, ಒಪ್ಪಿಗೆ ಪತ್ರ ಲಗತ್ತಿಸಿದ್ದೇವೆ.” ನೀವು ಒಪ್ಪದ ಟೀಕೆ ಇದ್ದರೆ ಒಪ್ಪದಿರಲು ಕಾರಣ ಕೊಡಿ, ಸೌಮ್ಯವಾಗಿ, ಒಂದೇ ಸಲ.